ನಾಲ್ಕಡಿ ಅಗಲದ ಬಚ್ಚಲು: ಗೋಡೆ ಒಡೆಯುವ ಮೊದಲು ಒಂದಿಷ್ಟು ಮಾತು

(ಸಂಘದ ಮಹಿಳಾ ವಿಭಾಗದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ವೇದಿಕೆಯಲ್ಲಿ ಆರೋಗ್ಯದ ಬಗ್ಗೆ, ಅಡುಗೆಯ ಬಗ್ಗೆ, ಉಳಿತಾಯದ ಬಗ್ಗೆ, ದಾಸರ ಪದಗಳ ಬಗ್ಗೆ ತುಂಬಾ ಒಳ್ಳೆಯ ಮಾತುಗಳನ್ನು ಕೇಳಿದ್ದೇವೆ. ನಾನು ಇವತ್ತು ಬಚ್ಚಲುಮನೆಯ ಬಗ್ಗೆ ಮಾತನಾಡುತ್ತೇನೆ. ನಗಬೇಡಿ. ನಮ್ಮ ಹಿರಿಯರು ವರ್ಷಕ್ಕೊಮ್ಮೆಯಾದರೂ ಬಚ್ಚಲಿಗೆ ಮರ್ಯಾದೆ ಕೊಟ್ಟವರು. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಹೂವು ಏರಿಸಿ, ಪೂಜೆ ಮಾಡಿ ನೀರು ತುಂಬುತ್ತಿದ್ದರು. ಊರಿನಲ್ಲಿ ಬಚ್ಚಲು ಮನೆಯ ಹಿಂದೆ ಇರುತ್ತಿತ್ತು. ಜಾಗಕ್ಕೆ ಬರವಿರಲಿಲ್ಲ. ಮಿಂದ ನೀರು ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಇಲ್ಲಿ ಮುಂಬಯಿಯಲ್ಲಿ ಹಂಡೆ ಹೋಯಿತು, ಒಲೆ ಹೋಯಿತು, ಬಾಳೆಯೂ ಹೋಯಿತು. ಉಳಿದದ್ದು ನಾಲ್ಕಡಿ ಅಗಲದ ಒಂದು ಕೋಣೆ. ಮಿಂದ ನೀರು ಸರಿಯಾಗಿ ಹೋಗದಿದ್ದರೆ ಕೆಳಗಿನ ಮನೆಯವರ ಸೀಲಿಂಗಿಗೆ ಇಳಿಯುತ್ತದೆ!

ನಾನು ಸಿವಿಲ್ ಡಿಪ್ಲೊಮಾ ಓದಿ, ಒಂದು ಆರ್ಕಿಟೆಕ್ಟ್ ಕಚೇರಿಯಲ್ಲಿ ಬಹಳ ವರ್ಷ ನಕ್ಷೆ ಬರೆಯುವ ಕೆಲಸ ಮಾಡಿದವಳು. ಆ ವರ್ಷಗಳಲ್ಲಿ ಒಂದು ವಿಷಯ ಗಮನಿಸಿದ್ದೇನೆ. ಅಡುಗೆಮನೆಯ ನಕ್ಷೆ ಬಂದಾಗ ಗಂಡಸರು ಹೆಂಡತಿಯನ್ನು ಕರೆದುಕೊಂಡು ಬರುತ್ತಾರೆ. ಬಚ್ಚಲಿನ ನಕ್ಷೆಯನ್ನು ಮಾತ್ರ ಗುತ್ತಿಗೆದಾರ, ಪ್ಲಂಬರ್ ಮತ್ತು ಮನೆಯ ಯಜಮಾನರು ಐದು ನಿಮಿಷದಲ್ಲಿ ಮುಗಿಸುತ್ತಾರೆ. ಆದರೆ ಆ ಕೋಣೆಯನ್ನು ತೊಳೆಯುವವರು ಯಾರು? ಮಕ್ಕಳಿಗೆ ಮೀಯಿಸುವವರು ಯಾರು? ವಯಸ್ಸಾದ ಅತ್ತೆ-ಮಾವಂದಿರನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗುವವರು ಯಾರು? ಅದಕ್ಕೇ ಹೇಳುತ್ತಿದ್ದೇನೆ, ಈ ನಕ್ಷೆಯನ್ನು ನಾವು ನೋಡಲೇಬೇಕು. ನಮ್ಮಲ್ಲಿ ಎಷ್ಟೋ ಜನರ ಸೊಸೈಟಿಗಳು ಈಗ ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ಇನ್ನು ಕೆಲವರು ಹಳೆಯ ಫ್ಲಾಟಿನ ಬಚ್ಚಲನ್ನೇ ಒಡೆದು ಹೊಸದು ಮಾಡಿಸುತ್ತಿದ್ದಾರೆ. ಇಬ್ಬರಿಗೂ ಉಪಯೋಗವಾಗುವ ಮಾತುಗಳನ್ನು ಹೇಳುತ್ತೇನೆ.

ಮೊದಲು ಅಳತೆ. ಸ್ನಾನ ಮತ್ತು ಶೌಚ ಎರಡೂ ಒಂದೇ ಕೋಣೆಯಲ್ಲಿದ್ದರೆ ಅದು ಕನಿಷ್ಠ 2.8 ಚದರ ಮೀಟರ್ ಇರಬೇಕು, ಅಗಲ 1.2 ಮೀಟರಿಗಿಂತ ಕಡಿಮೆ ಇರಬಾರದು ಎಂದು ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸುಮಾರು 30 ಚದರ ಅಡಿ, ಅಗಲ ನಾಲ್ಕಡಿ. ನಮ್ಮ ಬಹುತೇಕ ಮನೆಗಳು ಈ ಗೆರೆಯ ಆಚೀಚೆಯೇ ಇವೆ. ಡೊಂಬಿವಲಿಯ ನಮ್ಮ ಫ್ಲಾಟಿನ ಬಚ್ಚಲು 4 ಅಡಿ ಅಗಲ, 8 ಅಡಿ ಉದ್ದ. ಹಾಗಾಗಿ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಅಳೆಯುವಾಗ ಟೈಲ್ಸ್ ಹಾಕಿದ ಮೇಲಿನ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಹಳೆಯ ಟೈಲ್ಸ್ ಕಿತ್ತು ಹೊಸ ಗಿಲಾವು, ಟೈಲ್ಸ್ ಹಾಕುವಾಗ ಒಂದೊಂದು ಗೋಡೆಯೂ ಒಂದರಿಂದ ಒಂದೂವರೆ ಇಂಚು ದಪ್ಪವಾಗುತ್ತದೆ. ಎರಡು ಗೋಡೆ ಸೇರಿ ಮೂರು ಇಂಚು ಹೋಯಿತು. ದೊಡ್ಡ ಮನೆಯಲ್ಲಿ ಮೂರು ಇಂಚು ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕಡಿಯ ಬಚ್ಚಲಿನಲ್ಲಿ ಮೊಣಕಾಲು ಗೋಡೆಗೆ ತಾಗುತ್ತದೆ.

ಎರಡನೆಯದು, ಕಮೋಡ್ ಎಲ್ಲಿದೆಯೋ ಅಲ್ಲೇ ಇರಲಿ. ಅದರ ಪೈಪು ನಾಲ್ಕು ಇಂಚಿನದು, ಇಳಿಜಾರಾಗಿ ಹೋಗಿ ಹೊರಗಿನ ದೊಡ್ಡ ಪೈಪಿಗೆ ಸೇರಬೇಕು. ಕಮೋಡನ್ನು ಆ ಪೈಪಿನಿಂದ ದೂರ ಸರಿಸಿದಷ್ಟೂ ಇಳಿಜಾರಿಗಾಗಿ ನೆಲವನ್ನು ಎತ್ತರಿಸಬೇಕಾಗುತ್ತದೆ. ಆಗ ಬಚ್ಚಲಿಗೆ ಮೆಟ್ಟಿಲು ಹತ್ತಿ ಹೋಗುವ ಪರಿಸ್ಥಿತಿ. ಬೇಸಿನ್, ನಲ್ಲಿ, ಶವರ್ ಇವನ್ನು ಬೇಕಾದರೆ ಸರಿಸಬಹುದು. ಅವುಗಳ ಪೈಪು ಸಣ್ಣದು.

ಕಮೋಡ್ ಕೊಳ್ಳಲು ಅಂಗಡಿಗೆ ಹೋಗುವ ಮೊದಲು ಒಂದು ಪ್ರಶ್ನೆಗೆ ಉತ್ತರ ತಿಳಿದುಕೊಂಡು ಹೋಗಿ. ನಿಮ್ಮ ಮನೆಯಲ್ಲಿ ಪೈಪು ನೆಲದೊಳಗೆ ಇಳಿಯುತ್ತದೆಯೋ, ಗೋಡೆಯೊಳಗೆ ಹೋಗುತ್ತದೆಯೋ? ನೆಲಕ್ಕಾದರೆ ಎಸ್ ಟ್ರ್ಯಾಪ್, ಗೋಡೆಗಾದರೆ ಪಿ ಟ್ರ್ಯಾಪ್. ಎಸ್ ಟ್ರ್ಯಾಪ್ ಆದರೆ ಟೈಲ್ಸ್ ಹಾಕಿದ ಹಿಂದಿನ ಗೋಡೆಯಿಂದ ಪೈಪಿನ ಮಧ್ಯಕ್ಕೆ ಎಷ್ಟು ಇಂಚು ಎಂದು ಬರೆದುಕೊಳ್ಳಿ. ಬಣ್ಣ, ಕಂಪನಿ, ರಿಯಾಯಿತಿ ಎಲ್ಲ ಆಮೇಲೆ.

ಈಗ 4 ಅಡಿಗೆ 8 ಅಡಿಯ ಕೋಣೆಯಲ್ಲಿ ಮೂರನ್ನು ಹೇಗೆ ಕೂರಿಸುವುದು? ಬಾಗಿಲು ನಾಲ್ಕಡಿಯ ಗೋಡೆಯಲ್ಲಿದೆ, ಎದುರಿನ ನಾಲ್ಕಡಿಯ ಗೋಡೆಯಲ್ಲಿ ಕಿಟಕಿ ಇದೆ ಎಂದುಕೊಳ್ಳಿ. ಒಂದು ಉದ್ದ ಗೋಡೆಯ ಉದ್ದಕ್ಕೂ ಮೂರನ್ನೂ ಸಾಲಾಗಿ ಇಡುವುದು ಒಳ್ಳೆಯದು. ಬಾಗಿಲ ಬಳಿ ಬೇಸಿನ್, ನಡುವೆ ಕಮೋಡ್, ಕಿಟಕಿಯ ಕೆಳಗೆ ಸ್ನಾನದ ಜಾಗ. ಒಟ್ಟು 96 ಇಂಚು. ಬೇಸಿನ್ನಿಗೆ 30, ಕಮೋಡಿಗೆ 30, ಸ್ನಾನಕ್ಕೆ 36. ಕಮೋಡಿನ ಮಧ್ಯದಿಂದ ಎರಡೂ ಕಡೆ ಹದಿನೈದು ಹದಿನೈದು ಇಂಚು ಸಿಗಬೇಕು, ಅದಕ್ಕಿಂತ ಕಡಿಮೆಯಾದರೆ ಮೊಣಕೈ ತಾಗುತ್ತದೆ. ಸಾಮಾನ್ಯ ಕಮೋಡ್ ಗೋಡೆಯಿಂದ ಸುಮಾರು 27 ಇಂಚು ಮುಂದೆ ಬರುತ್ತದೆ. ಅಗಲದ 48ರಲ್ಲಿ ಅದನ್ನು ಕಳೆದರೆ ಎದುರಿಗೆ 21 ಇಂಚು ಉಳಿಯುತ್ತದೆ. ಕೂರಲು, ಏಳಲು ಅಷ್ಟು ಸಾಕು.

ಈ ಸಾಲಿನಿಂದ ಎರಡು ಅನುಕೂಲ. ಒಂದು, ನೀರಿನ ಪೈಪುಗಳೆಲ್ಲ ಒಂದೇ ಗೋಡೆಯಲ್ಲಿರುತ್ತವೆ, ಮುಂದೆ ಸೋರಿದರೆ ಎಲ್ಲಿ ಹುಡುಕಬೇಕೆಂದು ಗೊತ್ತಿರುತ್ತದೆ. ಎರಡು, ಒದ್ದೆಯಾಗುವ ಜಾಗ ಬಾಗಿಲಿನಿಂದ ದೂರದಲ್ಲಿರುತ್ತದೆ. ಒಬ್ಬರು ಮಿಂದು ಹೋದ ಮೇಲೆ ಇನ್ನೊಬ್ಬರು ಕೈ ತೊಳೆಯಲು ಬಂದರೆ ಕಾಲು ನೆನೆಯುವುದಿಲ್ಲ. ಸ್ನಾನದ ಜಾಗಕ್ಕೆ ಗಾಜಿನ ಗೋಡೆ ಬೇಕೆಂದು ಮಕ್ಕಳು ಹಟ ಹಿಡಿಯುತ್ತಾರೆ. ಇಷ್ಟು ಚಿಕ್ಕ ಜಾಗದಲ್ಲಿ ನಾನಾದರೆ ಪರದೆಯೇ ಸಾಕು ಎನ್ನುತ್ತೇನೆ. ಯಾರಿಗಾದರೂ ಸಹಾಯ ಬೇಕಾದಾಗ ಪರದೆ ಸರಿಸಿದರೆ ಎರಡನೆಯವರು ನಿಲ್ಲಲು ಜಾಗ ಸಿಗುತ್ತದೆ. ಗಾಜು ಸರಿಯುವುದಿಲ್ಲ. ಅದರ ಮೇಲಿನ ನೀರಿನ ಕಲೆ ಉಜ್ಜುವವರು ಯಾರೆಂದೂ ಕೇಳಿಕೊಳ್ಳಿ.

ಹಳೆಯ ಕಟ್ಟಡಗಳಲ್ಲಿ ಸಂಡಾಸು ಬೇರೆ, ಮೋರಿ ಬೇರೆ ಇರುತ್ತದೆ. ನಡುಗೋಡೆ ಒಡೆದು ಒಂದು ಮಾಡೋಣವೇ ಎಂದು ತುಂಬಾ ಜನ ಕೇಳುತ್ತಾರೆ. ಐದಾರು ಜನರಿರುವ, ಬೆಳಿಗ್ಗೆ ಎಲ್ಲರೂ ಲೋಕಲ್ ಹಿಡಿಯಲು ಓಡುವ ಮನೆಯಾದರೆ ಬೇರೆಬೇರೆಯಾಗಿಯೇ ಇರಲಿ, ಒಂದೇ ಹೊತ್ತಿಗೆ ಇಬ್ಬರ ಕೆಲಸ ಸಾಗುತ್ತದೆ. ನಡೆಯಲು ಆಸರೆ ಬೇಕಾದ ಹಿರಿಯರಿದ್ದರೆ ಒಂದು ಮಾಡುವುದು ಒಳ್ಳೆಯದು. ಮೂರಡಿಯ ಸಂಡಾಸಿನಲ್ಲಿ ಇಬ್ಬರು ನಿಲ್ಲಲು ಸಾಧ್ಯವಿಲ್ಲ. ಆದರೆ ಗೋಡೆ ಮುಟ್ಟುವ ಮೊದಲು ಅದು ಭಾರ ಹೊತ್ತ ಗೋಡೆಯಲ್ಲ ಎಂಬುದನ್ನು ಎಂಜಿನಿಯರ್ ನೋಡಬೇಕು, ಸೊಸೈಟಿಯ ಅನುಮತಿಯೂ ಬರಹದಲ್ಲಿ ಇರಬೇಕು.

ಈಗ ಬಾಗಿಲು. ಇವತ್ತಿನ ಮಾತಿನಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ: ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಯಾರಾದರೂ ತಲೆಸುತ್ತಿ ಬಿದ್ದರೆ, ಚಿಕ್ಕ ಕೋಣೆಯಲ್ಲಿ ಅವರು ಬೀಳುವುದು ಬಾಗಿಲಿಗೆ ಅಡ್ಡವಾಗಿಯೇ. ಒಳಕ್ಕೆ ತೆರೆಯುವ ಬಾಗಿಲನ್ನು ಹೊರಗಿನವರು ಎಷ್ಟು ತಳ್ಳಿದರೂ ಅದು ಬಿದ್ದವರ ಮೈಗೇ ಒತ್ತುತ್ತದೆ. ಹೊರಕ್ಕೆ ತೆರೆಯಲು ಪ್ಯಾಸೇಜಿನಲ್ಲಿ ಜಾಗವಿಲ್ಲದಿದ್ದರೆ ಸರಿಯುವ ಬಾಗಿಲು ಮಾಡಿಸಿ. ಚಿಲಕವೂ ಅಷ್ಟೇ. ಒಳಗಿನಿಂದ ಹಾಕಿದರೂ ಹೊರಗಿನಿಂದ ನಾಣ್ಯ ತೂರಿಸಿ ತಿರುಗಿಸಿದರೆ ತೆರೆಯುವ ಚಿಲಕಗಳು ಸಿಗುತ್ತವೆ. ಅಗಲದಲ್ಲಿ ಜಿಪುಣತನ ಬೇಡ. ಸಾಮಾನ್ಯ ಗಾಲಿಕುರ್ಚಿಯ ಅಗಲವೇ 25 ಇಂಚಿನ ಆಸುಪಾಸು ಇರುತ್ತದೆ. 24 ಇಂಚಿನ ಬಾಗಿಲಿದ್ದರೆ ಕುರ್ಚಿ ಹೊರಗೇ ಉಳಿಯುತ್ತದೆ. ಕನಿಷ್ಠ 30 ಇಂಚು ಕೇಳಿ.

ಈ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳಲು ಕಾರಣ ನನ್ನ ಅತ್ತೆ. ಅವರಿಗೆ 82 ವರ್ಷ, ಕುಂದಾಪುರದ ಕಡೆಯವರು. ಎರಡು ಮೊಣಕಾಲುಗಳಲ್ಲೂ ನೋವು. ಸ್ನಾನಕ್ಕೆ ಸಹಾಯ ಮಾಡಲು ಒಬ್ಬಳು ಬಾಯಿಯನ್ನು ಇಡೋಣ ಎಂದು ಮನೆಯಲ್ಲಿ ಮಾತು ಬಂದಾಗ ಅತ್ತೆ ಊಟದ ತಟ್ಟೆಯಿಂದ ಮುಖ ಎತ್ತಲಿಲ್ಲ. "ನಾನೇ ಮಿಂದ್ಕಂತೆ. ಬಾಗಿಲ್ ಹಾಕ್ಕಂಡೇ ಮಿಂದ್ಕಂತೆ" ಎಂದರು. ಅಷ್ಟೇ. ಆ ಮಾತಿನ ಅರ್ಥ ನನಗೆ ತಿಳಿಯಿತು. ಅಡುಗೆ ಬಿಟ್ಟಾಗಿತ್ತು, ಒಬ್ಬರೇ ರಸ್ತೆ ದಾಟುವುದು ಬಿಟ್ಟಾಗಿತ್ತು, ಬ್ಯಾಂಕಿಗೆ ಹೋಗುವುದೂ ಬಿಟ್ಟಾಗಿತ್ತು. ತನ್ನ ಮೈಯನ್ನು ತಾನೇ ತೊಳೆದುಕೊಳ್ಳುವುದೊಂದು ಉಳಿದಿತ್ತು. ಅದನ್ನು ಅವರಿಂದ ಕಸಿಯದೆ, ಅವರು ಬೀಳದ ಹಾಗೂ ನೋಡಿಕೊಳ್ಳಬೇಕು. ನಮ್ಮ ಬಚ್ಚಲನ್ನು ಹೊಸದಾಗಿ ಮಾಡಿಸುವಾಗ ನನ್ನ ಮುಂದಿದ್ದ ಲೆಕ್ಕ ಇದೇ.

ಅದಕ್ಕೆ ನಾನು ಮಾಡಿದ ಕೆಲಸವನ್ನು ನೀವೂ ಮಾಡಬಹುದು. ಖರ್ಚಿಲ್ಲ. ಹಾಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಚ್ಚಲನ್ನು ನಿಜವಾದ ಅಳತೆಯಲ್ಲೇ ಬರೆದೆ. ರಂಗೋಲಿ ಹಾಕುವ ಕೈಗೆ ಇದೇನು ಕಷ್ಟವಲ್ಲ. ಬೇಸಿನ್ನಿನ ಜಾಗದಲ್ಲಿ ಪತ್ರಿಕೆ ಕತ್ತರಿಸಿ ಇಟ್ಟೆ, ಕಮೋಡಿನ ಜಾಗದಲ್ಲಿ ಒಂದು ಕುರ್ಚಿ, ಸ್ನಾನದ ಜಾಗದಲ್ಲಿ ಸ್ಟೂಲು ಮತ್ತು ಬಕೆಟ್. ಎದುರು ಗೋಡೆಯ ಜಾಗದಲ್ಲಿ ಕಪಾಟನ್ನು ಸರಿಸಿ ನಿಲ್ಲಿಸಿದೆವು. ಅತ್ತೆಗೆ ಗೆರೆ ದಾಟದೆ ಒಳಗೆ ಬನ್ನಿ, ಕೂತುಕೊಳ್ಳಿ, ಏಳಿ, ಮಗ್ಗು ತೆಗೆದುಕೊಳ್ಳಿ ಎಂದೆ. ಮೊದಲು ನಾಚಿಕೊಂಡರು, ಆಮೇಲೆ ಅವರಿಗೇ ಆಟದಂತಾಯಿತು.

ಆಗ ಕಂಡದ್ದು ಇಷ್ಟು. ಹಿಡಿಕೆಯನ್ನು ಕಮೋಡಿನ ಪಕ್ಕದಲ್ಲಿ ಹಾಕಿದರೆ ಸಾಕು ಎಂದು ಗುತ್ತಿಗೆದಾರರು ಹೇಳಿದ್ದರು. ಆದರೆ ಅತ್ತೆ ಏಳುವಾಗ ಬಲಗೈ ಕುರ್ಚಿಯ ಕೈಯನ್ನು ಕೆಳಕ್ಕೆ ಒತ್ತುತ್ತಿತ್ತು, ಎಡಗೈ ಎದುರಿನ ಕಪಾಟನ್ನು ಹುಡುಕುತ್ತಿತ್ತು. ಕೋಣೆಯ ಅಗಲ ಕಡಿಮೆ ಎಂದು ನಾವೆಲ್ಲ ಬೈಯುತ್ತಿದ್ದೆವಲ್ಲ, ಆ ಕಡಿಮೆ ಅಗಲವೇ ಇಲ್ಲಿ ಅನುಕೂಲವಾಯಿತು. ಎದುರಿನ ಗೋಡೆ ಅವರ ಕೈಗೆ ಎಟುಕುತ್ತದೆ! ಅಲ್ಲೊಂದು ಉದ್ದಕ್ಕೆ ನಿಂತ ಹಿಡಿಕೆ, ಬಲಗಡೆ ಹಿಂದಿನ ಗೋಡೆಯಿಂದ ಬಂದು ಬೇಡದಾಗ ಮೇಲಕ್ಕೆ ಮಡಚುವ ಇನ್ನೊಂದು ಹಿಡಿಕೆ, ಸ್ನಾನದ ಸ್ಟೂಲಿನ ಪಕ್ಕ ಮೂರನೆಯದು. ಎತ್ತರವನ್ನು ಯಾವ ಪುಸ್ತಕದಿಂದಲೂ ತೆಗೆದುಕೊಳ್ಳಲಿಲ್ಲ. ಅವರ ಕೈ ಎಲ್ಲಿ ಹೋಯಿತೋ ಅಲ್ಲಿಗೆ ಗುರುತು ಹಾಕಿದೆವು.

ಹಿಡಿಕೆಯ ಬಗ್ಗೆ ಎರಡು ಎಚ್ಚರಿಕೆ. ಟವೆಲ್ ಹಾಕುವ ಸರಳು ಹಿಡಿಕೆಯಲ್ಲ. ಜಾರಿದವರು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ, ಸರಳು ಕಿತ್ತು ಕೈಗೆ ಬರುತ್ತದೆ. ಇನ್ನೊಂದು, ಹಿಡಿಕೆ ಗಟ್ಟಿ ಗೋಡೆಗೆ ಉದ್ದ ಬೋಲ್ಟಿನಿಂದ ಕೂರಬೇಕು. ಹಾಕಿದ ದಿನವೇ ಮನೆಯಲ್ಲಿ ಹೆಚ್ಚು ತೂಕದವರು ಜೋತುಬಿದ್ದು ಪರೀಕ್ಷಿಸಬೇಕು. ನಮ್ಮಲ್ಲಿ ಆ ಕೆಲಸವನ್ನು ಯಜಮಾನರು ಸಂತೋಷದಿಂದ ಮಾಡಿದರು.

ಈಗ ಅತ್ತೆ ದಿನವೂ ಬಾಗಿಲು ಹಾಕಿಕೊಂಡೇ ಮೀಯುತ್ತಾರೆ. ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತಾ ನಾನು ಮಗ್ಗಿನ ಸದ್ದು ಕೇಳುತ್ತಿರುತ್ತೇನೆ, ಅಷ್ಟೇ. ನಾಣ್ಯದ ಚಿಲಕವನ್ನು ಇದುವರೆಗೆ ಹೊರಗಿನಿಂದ ತೆರೆಯಬೇಕಾಗಿ ಬಂದಿಲ್ಲ.

ಇನ್ನು ನಮ್ಮ ಸ್ನಾನದ ಪದ್ಧತಿ. ಕ್ಯಾಟಲಾಗಿನ ಬಚ್ಚಲುಗಳು ಶವರಿನವು. ನಾವು ಬಕೆಟ್ಟಿನವರು, ಹಿರಿಯರು ಕೂತು ಮೀಯುವವರು. ಆದ್ದರಿಂದ ನಲ್ಲಿಯ ಎತ್ತರವನ್ನು ನಿಮ್ಮ ಬಕೆಟ್ ಇಟ್ಟು ನೋಡಿ ನಿರ್ಧರಿಸಿ. ಬಕೆಟ್ಟಿನ ಬಾಯಿಗಿಂತ ನಾಲ್ಕೈದು ಇಂಚು ಮೇಲಿದ್ದರೆ ತುಂಬಿದ ಬಕೆಟ್ ಎಳೆಯಲು ಸುಲಭ, ನೀರೂ ಸಿಡಿಯುವುದಿಲ್ಲ. ಸೋಪು, ಶಾಂಪೂ ಇಡುವ ಗೂಡು ಕೂತವರ ಕೈಗೆ ಸಿಗಬೇಕು. ನಿಂತವರ ಎತ್ತರಕ್ಕೆ ಮಾಡಿದರೆ ಕೂತವರು ಎದ್ದು ನಿಂತು, ಸೋಪಿನ ಕಾಲಲ್ಲಿ ಜಾರುತ್ತಾರೆ. ಒಣ ಬಟ್ಟೆಗೆ ಕೊಕ್ಕೆ ಬಾಗಿಲ ಕಡೆ ಇರಲಿ, ಒಂದು ಮೇಲೆ, ಒಂದು ನಾಲ್ಕಡಿಗೆ. ಕಮೋಡಿನ ಪಕ್ಕ ಕೈಗೆಟುಕುವಂತೆ ಒಂದು ಸಣ್ಣ ಕಪಾಟು ಮತ್ತು ಮುಚ್ಚಳವಿರುವ ಕಸದ ಡಬ್ಬ ಇರಲೇಬೇಕು. ಇದನ್ನು ಗುತ್ತಿಗೆದಾರರಿಗೆ ನಾವು ಹೇಳದಿದ್ದರೆ ಬೇರೆ ಯಾರೂ ಹೇಳುವುದಿಲ್ಲ. ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಈ ಸಣ್ಣ ಕಪಾಟಿನ ಬೆಲೆ ಗೊತ್ತಾಗುತ್ತದೆ. ನೀರು ಹೊತ್ತಿಗೆ ಮಾತ್ರ ಬರುವ ಮನೆಯಾದರೆ ಡ್ರಮ್ಮಿನ ಜಾಗವನ್ನೂ ನಕ್ಷೆಯಲ್ಲೇ ಗುರುತಿಸಿ. ಮೇಲೆ ಲಾಫ್ಟ್ ಟ್ಯಾಂಕ್ ಇಡುವುದಾದರೆ 500 ಲೀಟರ್ ನೀರೆಂದರೆ 500 ಕಿಲೋ ಭಾರ ಎಂಬುದು ನೆನಪಿರಲಿ. ಎಂಜಿನಿಯರನ್ನು ಕೇಳದೆ ಇಡಬೇಡಿ.

ನೆಲಕ್ಕೆ ಹೊಳೆಯುವ ಟೈಲ್ಸ್ ಬೇಡವೇ ಬೇಡ. ನರಕ ಚತುರ್ದಶಿಯ ಎಣ್ಣೆಸ್ನಾನದ ದಿನ ಅದರ ನಿಜ ಬಣ್ಣ ಗೊತ್ತಾಗುತ್ತದೆ. ಅಂಗಡಿಯಲ್ಲಿ ಒಂದು ಟೈಲಿನ ಮೇಲೆ ನೀರು ಸುರಿದು, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಉಜ್ಜಿ ನೋಡಿ, ನಾಚಿಕೆ ಬೇಡ. ಒಂದಡಿಗೆ ಒಂದಡಿಯ ಟೈಲ್ಸ್ ಚಿಕ್ಕ ಬಚ್ಚಲಿಗೆ ಒಳ್ಳೆಯದು. ದೊಡ್ಡ ಟೈಲ್ಸ್ ಹಾಕಿದರೆ ನೀರಿಗೆ ಇಳಿಜಾರು ಸರಿಯಾಗಿ ಸಿಗುವುದಿಲ್ಲ. ಸ್ನಾನದ ಜಾಗದಲ್ಲಿ ಅಡಿಗೆ ಕಾಲು ಇಂಚು ಇಳಿಜಾರಿರಲಿ. ನೆಲ, ಕಮೋಡ್, ಗೋಡೆ ಎಲ್ಲವೂ ಬಿಳಿಯಾದರೆ ಕಣ್ಣು ಮಂಜಾದವರಿಗೆ ಯಾವುದು ಎಲ್ಲಿ ಮುಗಿಯುತ್ತದೆಂದು ಕಾಣುವುದಿಲ್ಲ. ನೆಲಕ್ಕೆ ಬೇರೆ ಬಣ್ಣ ಆರಿಸಿ.

ನಹಾನಿ ಟ್ರ್ಯಾಪಿನ ಬಗ್ಗೆ ಒಂದು ಮಾತು. ಅದರ ಹೊಟ್ಟೆಯಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ಆ ನೀರೇ ಚರಂಡಿಯ ವಾಸನೆಯನ್ನು, ಜಿರಲೆಗಳನ್ನು ತಡೆಯುವ ಬಾಗಿಲು. ಮೇ ತಿಂಗಳಲ್ಲಿ ನಾವೆಲ್ಲ ಊರಿಗೆ ಹೋಗಿ ವಾರಗಟ್ಟಲೆ ಮನೆ ಮುಚ್ಚಿದಾಗ ಆ ನೀರು ಆರಿಹೋಗುತ್ತದೆ. ಬಂದಾಗ ಮನೆಯೆಲ್ಲ ನಾತ. ಟ್ರ್ಯಾಪಿಗೆ ಒಂದು ಚೊಂಬು ನೀರು ಹಾಕಿದರೆ ನಿಲ್ಲುತ್ತದೆ. ಹೋಗುವ ಮೊದಲು ಜಾಲರಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ ಭಾರ ಇಟ್ಟರೆ ಇನ್ನೂ ಒಳ್ಳೆಯದು.

ಬಿಸಿನೀರಿನ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಗ್ಯಾಸ್ ಗೀಸರನ್ನು ಬಚ್ಚಲಿನೊಳಗೆ ಇಡಲೇಬೇಡಿ. ಚಿಕ್ಕ ಕೋಣೆ, ಮುಚ್ಚಿದ ಬಾಗಿಲು, ಒಳಗೆ ಉರಿಯುವ ಬೆಂಕಿ. ಗಾಳಿ ಸಾಲದಾದಾಗ ಅದು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರವಾಗಿ, ಕೂಗುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ಇದರಿಂದ ಜೀವ ಹೋದ ಸುದ್ದಿಗಳನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿದ್ದೇವೆ. ಗ್ಯಾಸ್ ಗೀಸರ್ ಬೇಕೇ ಬೇಕಾದರೆ ಗಾಳಿಯಾಡುವ ಹೊರಗಿನ ಜಾಗದಲ್ಲಿ ಇಟ್ಟು, ಬಿಸಿನೀರಿನ ಪೈಪು ಮಾತ್ರ ಒಳಗೆ ತನ್ನಿ. ವಿದ್ಯುತ್ ಗೀಸರಾದರೆ ಸ್ವಿಚ್ಚು ಬಚ್ಚಲಿನ ಹೊರಗಿರಲಿ, ಅರ್ತಿಂಗ್ ಸರಿಯಿರಲಿ, ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ. ಅದರಲ್ಲಿ ಪರೀಕ್ಷಿಸುವ ಗುಂಡಿಯೊಂದಿರುತ್ತದೆ, ಆಗಾಗ ಒತ್ತಿ ನೋಡಿ. ಎಕ್ಸಾಸ್ಟ್ ಫ್ಯಾನ್ ಕಿಟಕಿಯಲ್ಲಿರಲಿ. ಬಾಗಿಲ ಕೆಳಗೆ ಅರ್ಧ ಇಂಚು ಸಂದು ಬಿಡಿ. ಗಾಳಿ ಒಳಗೆ ಬಾರದೆ ಫ್ಯಾನ್ ಏನನ್ನು ಹೊರಹಾಕಬೇಕು?

ಕೊನೆಯದಾಗಿ ಕೆಲಸದ ಕ್ರಮ. ಒಡೆಯುವುದು, ಪೈಪು ಹಾಕುವುದು, ಪೈಪಿಗೆ ಒತ್ತಡ ಕೊಟ್ಟು ಸೋರಿಕೆ ಪರೀಕ್ಷಿಸುವುದು, ವಾಟರ್‌ಪ್ರೂಫಿಂಗ್, ನೀರು ನಿಲ್ಲಿಸಿ ನೋಡುವುದು, ಆಮೇಲೆ ಟೈಲ್ಸ್. ಈ ನೀರು ನಿಲ್ಲಿಸುವ ಪರೀಕ್ಷೆಯನ್ನು ಯಾರು ಅವಸರ ಮಾಡಿದರೂ ಬಿಡಬೇಡಿ. ಕಂಡಿ ಮುಚ್ಚಿ, ನೆಲದ ಮೇಲೆ ನೀರು ನಿಲ್ಲಿಸಿ, 48 ಗಂಟೆ ಕಾಯಿರಿ. ಮೊದಲೇ ಕೆಳಗಿನ ಮನೆಗೆ ಹೋಗಿ, "ಕಾಕೀ, ಎರಡು ದಿನ ನಿಮ್ಮ ಬಚ್ಚಲಿನ ಸೀಲಿಂಗ್ ನೋಡುತ್ತಿರಿ, ಒಂದು ಹನಿ ಕಂಡರೂ ಹೇಳಿ" ಎಂದು ಹೇಳಿ ಬನ್ನಿ. ಸೊಸೈಟಿಯಲ್ಲಿ ಎಷ್ಟೋ ವರ್ಷಗಳ ಸ್ನೇಹ ಕೆಟ್ಟಿರುವುದು ಸೋರುವ ಬಚ್ಚಲಿನಿಂದ. ಟೈಲ್ಸ್ ಮುಚ್ಚುವ ಮೊದಲು ಪ್ರತಿ ಗೋಡೆಗೂ ಅಳತೆಯ ಟೇಪು ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಮುಂದೆ ಒಂದು ಕೊಕ್ಕೆಗಾಗಿ ಡ್ರಿಲ್ ಮಾಡುವಾಗ ಪೈಪು ಎಲ್ಲಿದೆ ಎಂದು ಆ ಫೋಟೋ ಹೇಳುತ್ತದೆ. ನೀರು ನಿಲ್ಲಿಸುವ ಮುಖ್ಯ ವಾಲ್ವ್ ಎಲ್ಲಿದೆ, ಯಾವ ಕಡೆ ತಿರುಗಿಸಬೇಕು ಎಂಬುದು ಮನೆಯಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತಿರಲಿ.

ರೀಡೆವಲಪ್‌ಮೆಂಟಿನ ಸಭೆಗೆ ಹೋಗುವವರಿಗೆ ನನ್ನ ವಿನಂತಿ ಇಷ್ಟೇ. ಕಾರ್ಪೆಟ್ ಏರಿಯಾ ಎಷ್ಟು ಹೆಚ್ಚಾಯಿತು ಎಂದು ಎಲ್ಲರೂ ಕೇಳುತ್ತಾರೆ. ನೀವು ಎದ್ದು ನಿಂತು, ಬಚ್ಚಲಿನ ಬಾಗಿಲು ಎಷ್ಟು ಇಂಚು, ಯಾವ ಕಡೆ ತೆರೆಯುತ್ತದೆ, ಕಿಟಕಿ ಹೊರಗಿನ ಗಾಳಿಗೆ ಇದೆಯೇ, ಹಿಡಿಕೆ ಕೂರುವ ಗೋಡೆ ಗಟ್ಟಿಯಿದೆಯೇ ಎಂದು ಕೇಳಿ. ನಕ್ಷೆ ಕಾಗದದ ಮೇಲಿರುವಾಗ ಬಾಗಿಲು ತಿರುಗಿಸಲು ಒಂದು ಗೆರೆ ಸಾಕು. ಕಟ್ಟಿದ ಮೇಲೆ ಗೋಡೆಯನ್ನೇ ಒಡೆಯಬೇಕು. ಇವತ್ತು ಅತ್ತೆಗೆಂದು ಹಾಕಿಸುವ ಹಿಡಿಕೆಯನ್ನು ಇನ್ನೂ ಕೆಲವು ವರ್ಷಗಳ ಮೇಲೆ ಹಿಡಿಯುವವರು ನಾವೇ.

ಯಾರಿಗಾದರೂ ತಮ್ಮ ಮನೆಯ ಅಳತೆ ಹಾಕಿ ನೋಡಬೇಕೆಂದಿದ್ದರೆ, ಕಾಗದದ ಮೇಲೆ ಬರೆದು ತನ್ನಿ. ಚಹಾದ ಹೊತ್ತಿನಲ್ಲಿ ಒಟ್ಟಿಗೆ ಕೂತು ನೋಡೋಣ.